ನಾನು ಟೈಪು ಮಾಡಿದ ಪುಟ

ಭಾನುವಾರ ಬೆಳಗ್ಗೆ ನೀರುದೋಸೆಯ ಕೆಲಸ ಮುಗಿಸಿ, ನಮ್ಮವರು ಬರೆದದ್ದನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಡುವುದು ಅಮೆರಿಕದ ಫ್ರೀಮಾಂಟಿನ ನಮ್ಮ ಮನೆಯ ಪದ್ಧತಿ. ನಮ್ಮವರು, ಲೀಲಾಧರ, ಸಮಾಜದ ಪತ್ರಿಕೆಯ ಸಂಪಾದಕರು. ಸಮಾಜವೆಂದರೆ ನಮ್ಮ ಜಾತಿಯ ಅರವತ್ತು ಮನೆ. 1998ರಲ್ಲಿ ಪತ್ರಿಕೆ ಇಂಟರ್ನೆಟ್ಟಿಗೂ ಏರಿತು. ಮೊದಲ ಲೇಖನ, 'ಆರ್ಯರಕ್ತವನ್ನು ಕಾಪಾಡಿ'. ರಕ್ತ ಬೆರೆತರೆ ಕುಲ ಅಳಿಯುತ್ತದೆ ಎಂಬುದು ಸಾರ. ಮಕ್ಕಳಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಬರೆದರು. ಸಂಬಂಧ ಹುಡುಕುವವರಿಗೆ ಅನುಕೂಲವಾಗಲೆಂದು ಕೆಳಗೆ ನಮ್ಮ ಫೋನ್ ನಂಬರು ಹಾಕಿದೆ.

ಬರೆಸಿದ್ದು ಮಗಳು ನೀತಾಳ ಮೇಲಿನ ಸಿಟ್ಟು. ಹೇವರ್ಡಿನ ಕಾಲೇಜಿನಲ್ಲಿ ಜೊತೆಗೆ ಓದುವ ಮಾರ್ಕಸನನ್ನು ಮದುವೆಯಾಗುತ್ತೇನೆ ಎಂದಿದ್ದಳು. ಹುಡುಗ ಕಪ್ಪು ಜನಾಂಗದವನು. ಅವನ ಅಜ್ಜಿ ನಮಗೆಂದು ಗೆಣಸಿನ ಸಿಹಿ ಕಳಿಸಿದ್ದರು. ಮೊಟ್ಟೆ ಇದೆಯೆಂದು ನೆಪ ಹೇಳಿ ಎಸೆದೆ.

ಪುಟ ನೋಡಿ ನೀತಾ, "ಅಮ್ಮಾ, ದಿಸ್ ಈಸ್ ಹೇಟ್. ಗೊತ್ತಾಗಲ್ವಾ?" ಅಂದಳು.

"ಅಪ್ಪ ನಿನ್ನ ಒಳ್ಳೇದಕ್ಕೇ ಬರೆದದ್ದು" ಅಂದೆ. ಎಷ್ಟು ಮನೆಗಳಲ್ಲಿ ಎಷ್ಟು ತಾಯಂದಿರು ಹೀಗೆ ಅನ್ನುತ್ತಾರೋ.

ಮರುವರ್ಷ ಜೂನಿನಲ್ಲಿ, ಆ ಅಜ್ಜಿ ಅಡುಗೆ ಮಾಡುತ್ತಿದ್ದ ಚರ್ಚಿಗೆ ಒಬ್ಬ ಬಿಳಿಯ ತರುಣ ಬೆಂಕಿ ಹಚ್ಚಿದ. ಅಜ್ಜಿ ಹೊರಗೆ ಬರಲಿಲ್ಲ. ಎರಡು ದಿನ ಬಿಟ್ಟು ಪೊಲೀಸರು ನಮ್ಮಲ್ಲಿಗೆ ಬಂದರು. ಅವನ ಕಾರಿನಲ್ಲಿ ನಾಜಿಗಳನ್ನು ಹೊಗಳುವ ಬರಹಗಳ ಕಟ್ಟು ಸಿಕ್ಕಿತ್ತು. ಬೇರೆ ಬಣ್ಣದವರನ್ನು ಮುಗಿಸದಿದ್ದರೆ ಬಿಳಿಯರಿಗೆ ಉಳಿವಿಲ್ಲ ಎನ್ನುವಂಥವು. ನಡುವೆ ನಮ್ಮ ಪುಟ, ಅದರ ಕೆಳಗೆ ನಮ್ಮ ನಂಬರು. ಕುಲ ಅಳಿಯುತ್ತದೆ ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದ. ಅವನ ಕಣ್ಣಿಗೆ ನಾವೂ ಕೀಳೇ, ಆದರೂ ನಮ್ಮ ಮಾತು ಅವನಿಗೆ ಬೇಕಾಯಿತು.

"ಬೆಂಕಿ ಹಾಕು ಅಂತ ನಾನು ಬರ್ದಿದ್ದೇನಾ ಮಾರಾಯ್ತಿ? ಅದು ಮದುವೆ ವಿಷಯ. ಆ ಹುಚ್ಚ ಓದಿದ್ರೆ ನಾವೆಂತ ಮಾಡುವುದು?" ಎಂದರು ನಮ್ಮವರು.

"ಓದಿ ಅವನೇನೂ ತಪ್ಪು ತಿಳ್ಕೊಳ್ಳಲಿಲ್ಲ. ಕಪ್ಪು ಜನ ಕೀಳು ಅಂತಲೇ ಅಲ್ವಾ ನಾವು ಹಾಕಿದ್ದು?" ಅಂದೆ.

ಸಮಾಜದ ಅಧ್ಯಕ್ಷ ದ್ವಾರಕಾನಾಥರು ಫೋನ್ ಮಾಡಿದರು. "ನಂಬರು ತೆಗೀರಿ ಸಾಕು, ಲೇಖನ ಇರ್ಲಿ. ಅದನ್ನೂ ತೆಗೆದ್ರೆ ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗತ್ತೆ."

ನಮ್ಮವರು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಟ್ಟರು. ಕೂತೆ. ಲೇಖನವನ್ನೆಲ್ಲ ಅಳಿಸಿ ನಂಬರು ಉಳಿಸಿದೆ. ಅದರ ಮೇಲೆ ಬರೆದೆ: 'ಇಲ್ಲಿದ್ದ ಬರಹ ಕೊಲೆಗಾರನ ಕಾರಿನಲ್ಲಿ ಸಿಕ್ಕಿತು. ಟೈಪು ಮಾಡಿದವಳು ನಾನು, ವಸಂತಿ.' ನಮ್ಮವರು ಕೂಗಾಡಿದರು. ನಾನು ನೀತಾಳ ಜೊತೆ ಅಜ್ಜಿಯ ಅಂತ್ಯಕ್ರಿಯೆಗೆ ಹೊರಟೆ.

ಅಲ್ಲಿ ಮಾರ್ಕಸನ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. "ನೀತಾಳ ಅಮ್ಮನಿಗೆ ಆ ಸಿಹಿ ಹಿಡಿಸಿತೋ ಇಲ್ಲವೋ ಅಂತ ನಮ್ಮಮ್ಮ ಕೇಳುತ್ತಲೇ ಇದ್ದರು" ಎಂದರು.

ಎಸೆದೆ ಎಂದು ಹೇಳಿದೆ. ಪುಟದ ವಿಷಯವನ್ನೂ ಹೇಳಿದೆ.

ಅವರು ನನ್ನ ಕೈ ಬಿಟ್ಟರು.