ಆರನೆಯ ಊರು

ಹಾಲವ್ವ ಗಂಡನ ಅಂಗಿಯ ಕಿಸೆಯಲ್ಲಿ ಸಿಕ್ಕ ಬಸ್ ಟಿಕೆಟನ್ನು ಮಂಜುಳಾಳ ಅಂಗೈಯಲ್ಲಿಟ್ಟಳು.

“ಓದವಾ. ನನಗ ಸಣ್ಣ ಅಕ್ಷರ ಕಾಣೂದಿಲ್ಲ.”

ಮಂಜುಳಾ ಆಗಷ್ಟೇ ಒಳಗೆ ಬಂದಿದ್ದಳು. ತಂದ ಹಾರ ಇನ್ನೂ ಕೈಯಲ್ಲೇ ಇತ್ತು. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಚನ್ನವೀರಪ್ಪನ ಶವದ ಹಣೆಗೆ ದಪ್ಪವಾಗಿ ವಿಭೂತಿ ಬಳಿದಿದ್ದರು. ಭಜನೆಯವರು ತಾಳ ಕೆಳಗಿಟ್ಟು ಚಹಾಕ್ಕೆ ಎದ್ದು ಹೋಗಿದ್ದರಿಂದ ಮನೆಯಲ್ಲಿ ಸದ್ದಿರಲಿಲ್ಲ. ಸುತ್ತ ಕುಳಿತಿದ್ದ ಹೆಂಗಸರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು.

“ಶಿಗ್ಗಾಂವಿಯಿಂದ ಹುಲಗೂರಿಗೆ,” ಮಂಜುಳಾ ಓದಿದಳು. “ನಿನ್ನಿದು.”

“ಹುಲಗೂರಾಗ ನಮಗ ಬೀಗರಿಲ್ಲ, ಬಳಗ ಇಲ್ಲ. ಅಲ್ಲಿ ಲೈಬ್ರರಿ ನಡಸಾಕಿ ನೀನೊಬ್ಬಾಕಿ. ನಿನ್ನ ಕಡೆ ಯಾಕ ಬರಾಕತ್ತಿದ್ರು?”

“ನನಗ ಗೊತ್ತಿಲ್ರಿ ಅಕ್ಕಾರ. ಬರ್ತೇನಿ ಅಂತ ಫೋನ್ ಸೈತ ಮಾಡಿರಲಿಲ್ಲ.”

ಚನ್ನವೀರಪ್ಪನ ಅಕ್ಕ ಹುಚ್ಚವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಮನ್ಯಾಗ ಹಿರೇಕೆರೂರಿಗೆ ಹೋಗ್ತೇನಿ ಅಂದಾನ. ಶಿಗ್ಗಾಂವಿ ಸ್ಟ್ಯಾಂಡಿನ್ಯಾಗ ಬಸ್ಸು ಬಿಡೂದರೊಳಗ ಜೀವ ಬಿಟ್ಟಾನ. ನನ್ನ ತಮ್ಮ ಹುಟ್ಟಿದಾಗಿಂದ ಸುಳ್ಳು ಹೇಳಿದಾವ ಅಲ್ಲ. ಒಂಟಿ ಹೆಣ್ಮಗಳ ಊರಿಗೆ ಹೋಗೂದಕ್ಕ ಸುಳ್ಳು ಬೇಕಾತೇನು?”

ಮಂಜುಳಾಳ ಕಿವಿ ಕೆಂಪಾದವು. ಅವಳು ತಾಯಿಯೊಬ್ಬಳನ್ನು ಕಟ್ಟಿಕೊಂಡು ಹುಲಗೂರಿನಲ್ಲಿ ಇದ್ದಳು; ಗಂಡ ಬಿಟ್ಟು ಆರು ವರ್ಷವಾಗಿತ್ತು. ಇಂಥ ಮಾತು ಅವಳಿಗೆ ಹೊಸದಲ್ಲ. ಆದರೆ ಈ ಮನೆಯಲ್ಲಿ, ಈ ಮನುಷ್ಯನ ಮುಂದೆ ಕೇಳಬೇಕಾದೀತೆಂದು ಎಣಿಸಿರಲಿಲ್ಲ.

ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದ, ಗ್ರಂಥಪಾಲಕರ ಸಂಘದ ಅಧ್ಯಕ್ಷ ಶಿವಾನಂದನಿಗೆ ಪ್ರತಿ ಮಾತೂ ಕೇಳಿಸಿತು. ಅವನ ಕಿಸೆಯಲ್ಲಿ ಫೋನು ಮೂರನೆಯ ಸಲ ನಡುಗಿತು. ತೆಗೆಯಲಿಲ್ಲ. ಅದರ ಹಿಂದೆಯೇ, ಅದೇ ಕಿಸೆಯಲ್ಲಿ, ಎರಡು ಸಹಿಯ ಒಂದು ಕಾಗದವಿತ್ತು.

* * *

ಚನ್ನವೀರಪ್ಪ ಹಂಸಭಾವಿಯ ಗ್ರಂಥಾಲಯಕ್ಕೆ ಸೇರಿದಾಗ ಅದರಲ್ಲಿ ಎರಡು ಕಪಾಟು, ಒಂದು ಬೆಂಚು ಇದ್ದವು. ಮೈದಾಹಿಟ್ಟನ್ನು ಮನೆಯಲ್ಲೇ ಕುದಿಸಿ ಅಂಟು ಮಾಡಿ ಪುಸ್ತಕಕ್ಕೆ ಚೀಟಿ ಹಚ್ಚುತ್ತಿದ್ದ. ಹರಿದ ಪುಸ್ತಕವನ್ನು ಗೋಣಿ ಹೊಲಿಯುವ ದಬ್ಬಣದಿಂದ ಹೊಲಿಯುತ್ತಿದ್ದ. ಯಾರೊಂದಿಗೂ ಏರುದನಿಯಲ್ಲಿ ಮಾತಾಡಿದ್ದನ್ನು ಊರು ನೋಡಿರಲಿಲ್ಲ.

ಒಂದು ಮಳೆಗಾಲದಲ್ಲಿ ಅದೇ ತಾಲೂಕಿನ ಇನ್ನೊಂದು ಹಳ್ಳಿಯ ಗ್ರಂಥಪಾಲಕ ಶೇಖಪ್ಪ ಜ್ವರದಿಂದ ತೀರಿಕೊಂಡ. ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ. ಸುದ್ದಿ ಚನ್ನವೀರಪ್ಪನಿಗೆ ಮುಟ್ಟಿದ್ದು ನಲವತ್ತು ದಿನಗಳ ಮೇಲೆ. ಹೋಗಿ ನೋಡಿದರೆ ಗ್ರಂಥಾಲಯಕ್ಕೆ ಬೀಗ. ಬಾಗಿಲ ಸಂದಿಯಲ್ಲಿ ತುರುಕಿದ ದಿನಪತ್ರಿಕೆಗಳು ನೆನೆದು ಒಂದೇ ಮುದ್ದೆಯಾಗಿದ್ದವು. ಹೊಸ್ತಿಲ ಮೇಲೆ ಕುಳಿತು ಅವನ್ನು ಒಂದೊಂದಾಗಿ ಬಿಡಿಸಿ ಬಿಸಿಲಿಗೆ ಹಾಕಿದ.

ಅಲ್ಲಿಂದ ಮುಂದೆ ರವಿವಾರಗಳಂದು ಅವನು ಬಸ್ಸು ಹತ್ತತೊಡಗಿದ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕುಗಳ ಗ್ರಂಥಾಲಯಗಳಿಗೆ ಹೋಗಿ, ತನ್ನ ಹೆಸರು ಹೇಳಿ, ಅಲ್ಲಿದ್ದವರ ಹೆಸರು ಬರೆದುಕೊಂಡು ಬಂದ. ಒಂದು ವರ್ಷದ ಮೇಲೆ ಸವಣೂರಿನಲ್ಲಿ, ಗ್ರಂಥಪಾಲಕ ಹಸನಸಾಬನ ಮನೆಯ ಅಂಗಳದಲ್ಲಿ ಹದಿನಾಲ್ಕು ಮಂದಿ ಕೂಡಿದರು. ಸಂಘವಾಯಿತು. ಅವತ್ತು ಚನ್ನವೀರಪ್ಪ ಹೇಳಿದ್ದು ಒಂದೇ ಮಾತು.

“ಒಬ್ರು ಹಾಸಿಗಿ ಹಿಡದ್ರ ಇನ್ನೊಬ್ರು ಹೋಗಿ ಬಾಗಿಲಾ ತಗೀಬೇಕು. ಇಷ್ಟ ಆದ್ರ ಸಾಕು.”

ಹಾನಗಲ್ಲ ಕಡೆಯ ಶಿವಾನಂದ ಅಧ್ಯಕ್ಷನಾದ. ಮಾತು ಬಲ್ಲವನು, ಧೈರ್ಯದವನು. ಚನ್ನವೀರಪ್ಪ ಕಾರ್ಯದರ್ಶಿಯಾದ. ಹತ್ತೊಂಬತ್ತು ವರ್ಷ ಅದೇ ಕುರ್ಚಿಯಲ್ಲಿ ತಲೆ ಬಗ್ಗಿಸಿ ಠರಾವು ಬರೆದ. ಸಭೆ ಮುಗಿಸಿ ಹೊರಡುವಾಗ ಹಾಲವ್ವನಿಗೆಂದು ಸವಣೂರ ಖಾರದ ಪೊಟ್ಟಣ ಕಟ್ಟಿಸುವುದನ್ನು ಮರೆಯುತ್ತಿರಲಿಲ್ಲ. ಹದಿನಾಲ್ಕು ಮಂದಿ ಮೂವತ್ಮೂರಾದರು.

* * *

ಮಂಜುಳಾ ಹಾರ ಹಾಕಿ, ಕೈ ಮುಗಿದು, ಹೊರಗೆ ಬಂದು ಚಪ್ಪಲಿ ಹುಡುಕತೊಡಗಿದಳು. ಹಸನಸಾಬ ಅವಳ ಎದುರು ಬಂದು ನಿಂತ.

“ಮಣ್ಣು ಮೂರಕ್ಕೈತಿ. ಎಲ್ಲಿಗಿ ಹೊಂಟಿ?”

“ನಾ ಇಲ್ಲಿ ನಿಂತ್ರ ಅವರಿಗೇ ಕೆಟ್ಟ ಹೆಸರು ಬರ್ತೈತ್ರಿ. ಹೋಗ್ತೇನಿ.”

“ಈಗ ಹೋದ್ರ ಅವರು ಅಂದದ್ದು ಖರೇ ಆಗ್ತೈತಿ. ಕುಂದರು.”

ಅವಳು ಕೂರಲಿಲ್ಲ, ಹೋಗಲೂ ಇಲ್ಲ. ಅಂಗಳದ ಬೇಲಿಯ ಹತ್ತಿರ ಸಂಘದ ಮಂದಿಯೆಲ್ಲ ಗುಂಪಾಗಿ ನಿಂತಿದ್ದರು. ಆ ದಿನ ಹನ್ನೊಂದು ಗಂಟೆಗೆ ಅವರೆಲ್ಲ ಸವಣೂರಿನ ಸಭೆಯಲ್ಲಿ ಇರಬೇಕಾಗಿತ್ತು. ಸಂಘ ಇರಬೇಕೋ, ಜಿಲ್ಲೆಯ ದೊಡ್ಡ ಒಕ್ಕೂಟದಲ್ಲಿ ಕರಗಬೇಕೋ ಎಂದು ಗೊತ್ತು ಮಾಡುವ ಸಭೆ. ಓದುಗರು ಕಡಿಮೆಯೆಂದು ನಾಲ್ಕು ತಾಲೂಕುಗಳ ಹನ್ನೊಂದು ಗ್ರಂಥಾಲಯಗಳನ್ನು ಮುಚ್ಚುವ ಪಟ್ಟಿ ಬಂದಿತ್ತು. ಒಕ್ಕೂಟಕ್ಕೆ ವಕೀಲರಿದ್ದರು, ಅದನ್ನು ತಡೆಯುವ ಶಕ್ತಿಯಿತ್ತು. ಆದರೆ ಕೆಲಸಕ್ಕೆ ಸೇರಿ ಐದು ವರ್ಷ ತುಂಬದವರನ್ನು ಅದು ಸೇರಿಸಿಕೊಳ್ಳುತ್ತಿರಲಿಲ್ಲ. ಅಂಥವರು ಏಳು ಮಂದಿ. ಸಂಘ ಮುಚ್ಚಿದರೆ ಅವರ ಪರವಾಗಿ ಕೇಳುವವರು ಯಾರೂ ಉಳಿಯುತ್ತಿರಲಿಲ್ಲ. ಮಂಜುಳಾ ಆ ಏಳರಲ್ಲಿ ಒಬ್ಬಳು.

ಶಿವಾನಂದ ಗುಂಪಿನ ಕಡೆ ನೋಡಿದ. ಆ ಏಳರಲ್ಲಿ ಐದು ಮಂದಿ ಒಂದೇ ಕಡೆ ನಿಂತು ಅವನನ್ನೇ ದಿಟ್ಟಿಸುತ್ತಿದ್ದರು. ಅವರಿಗೆ ಗೊತ್ತಿದೆ ಎಂಬುದು ಅವನಿಗೆ ಆಗ ಖಚಿತವಾಯಿತು. ಗೊತ್ತಿದ್ದೂ ಬಾಯಿ ಬಿಡುತ್ತಿಲ್ಲ.

ಫೋನು ಮತ್ತೆ ನಡುಗಿತು. ಒಕ್ಕೂಟದವರದು; ಈ ಸಲ ಎತ್ತಿದ.

“ಹೌದ್ರಿ, ಮಣ್ಣಿಗೆ ಬಂದೇನಿ. ನಾಲ್ಕರೊಳಗ ಹೇಳ್ತೇನ್ರಿ.” ತುಸು ಹೊತ್ತು ಕೇಳಿಸಿಕೊಂಡ. “ಸಹಿ ಐತ್ರಿ. ಇಬ್ಬರದೂ ಐತಿ.”

* * *

ಸಂಘವನ್ನು ಒಕ್ಕೂಟಕ್ಕೆ ಸೇರಿಸುವ ಒಪ್ಪಿಗೆಗೆ ಆ ಸಹಿ ಬಿದ್ದದ್ದು ಶುಕ್ರವಾರ, ಹಾನಗಲ್ಲಿನ ಒಂದು ಖಾನಾವಳಿಯಲ್ಲಿ.

ಚನ್ನವೀರಪ್ಪ ರೊಟ್ಟಿ ಮುರಿಯುತ್ತಿದ್ದ, ತಿನ್ನುತ್ತಿರಲಿಲ್ಲ. “ಆ ಏಳು ಮಂದಿಗೆ ಏನಂತ ಹೇಳೂದು?” ಅಂದ.

“ಅವರು ಸಣ್ಣ ವಯಸ್ಸಿನವರು. ಬ್ಯಾರೆ ಕೆಲಸಾ ಸಿಗ್ತೈತಿ. ನನಗ ಯಾರ ಕೊಡ್ತಾರ?” ಶಿವಾನಂದನ ಗ್ರಂಥಾಲಯ ಆ ಹನ್ನೊಂದರ ಪಟ್ಟಿಯಲ್ಲಿತ್ತು. ಚನ್ನವೀರಪ್ಪನದು ಇರಲಿಲ್ಲ. “ನೀ ದಂಡಿ ಮ್ಯಾಲೆ ನಿಂತು ಮಾತಾಡಾಕತ್ತಿ. ನೀರಾಗ ಬಿದ್ದಾವ ನಾನು.”

“ಇನ್ನೊಂದು ಸಲ ಒಕ್ಕೂಟದವರನ್ನ ಕೇಳಿ ನೋಡೂಣು. ಎಲ್ಲಾರನ್ನೂ ತಗೋರಿ ಅಂತ.”

“ಕೇಳಿ ಆತು. ಚನ್ನವೀರಪ್ಪ, ಹತ್ತೊಂಬತ್ತು ವರ್ಷ ನಾವು ಮಾತಾಡಿದ್ದನ್ನ ಬರಕೊಂತ ಕುಂತಿ. ನಿಂದಂತ ಒಂದು ನಿರ್ಧಾರ ಯಾವತ್ತರ ತಗೊಂಡೀ ಏನು? ಕಾರಕೂನ ನೀನು. ಸಹಿ ಮಾಡಿ ಹೋಗು.”

ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಚನ್ನವೀರಪ್ಪ ಎದ್ದು ಕೈ ತೊಳೆದು, ಅಂಗವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಂಡು ಬಂದು ಸಹಿ ಮಾಡಿದ.

“ರವಿವಾರದ ತನಕ ಇದನ್ನ ಕಳಸಬ್ಯಾಡ,” ಅಂದ. “ಸಭಾದಾಗ ಮಂದಿ ಮುಂದ ಅವರಿಗೆ ಇದು ಗೊತ್ತಾಗಬಾರ್ದು. ಏಳೂ ಮಂದಿ ಕಡೆ ನಾನ ಹೋಗಿ ಹೇಳ್ತೇನಿ.”

“ಫೋನಿನ್ಯಾಗ ಹೇಳು.”

“ಇಂಥಾದ್ದು ಫೋನಿನ್ಯಾಗ ಹೇಳೂದಲ್ಲ.”

ಖಾನಾವಳಿಯ ಮೆಟ್ಟಿಲಿಳಿದು ಅವನು ಬಸ್ಸಿನ ಕಡೆ ನಡೆದ. ಶಿವಾನಂದ ಅವನನ್ನು ಜೀವಂತ ನೋಡಿದ್ದು ಅದೇ ಕೊನೆ.

* * *

ಶಿವಾನಂದ ಚಪ್ಪಲಿ ಕಳಚಿ ಪಡಸಾಲೆಯ ಹೊಸ್ತಿಲ ಮೇಲೆ ನಿಂತ. “ವೈನಿ, ಒಂದು ಮಾತು ಹೇಳೂದೈತಿ,” ಅಂದ ಹಾಲವ್ವನಿಗೆ. ಹೆಂಗಸರು ಸೆರಗು ಸರಿಪಡಿಸಿಕೊಂಡರು. ಅವನು ಹೊರಗೆ ತಿರುಗಿ, “ಮಂಜುಳಾ, ನೀನೂ ಬಾ,” ಎಂದು ಕರೆದ.

ಕಿಸೆಯಿಂದ ಕಾಗದ ತೆಗೆದು ಬಿಡಿಸಿದ. ಅದರಲ್ಲೇನಿದೆ ಎಂದು ಹೇಳಿದ. ಖಾನಾವಳಿಯಲ್ಲಿ ತಾನು ಆಡಿದ ಮಾತನ್ನೂ ಹೇಳಿದ. ‘ಕಾರಕೂನ’ ಎಂದದ್ದನ್ನೂ ಬಿಡಲಿಲ್ಲ.

“ಐದು ಊರು ಮುಗಿಸಿ ಈಕಿ ಊರಿಗೆ ಬರಾಕತ್ತಿದ್ದು ಅದಕ್ಕ, ವೈನಿ. ಏಳು ಮಂದಿ ಕೈ ಬಿಟ್ಟೇನಿ ಅಂತ ಅವರ ಮನೀ ಮುಂದ ನಿಂತು ಹೇಳಾಕ. ನಿಮ್ಮ ಮುಂದ ಹೇಳಾಕ ಅವಗ ನಾಚಿಕಿ ಆಗಿರಬೇಕು. ಸಹಿ ಮಾಡಿಸಿದಾವ ನಾನು.”

ಐದು ಮಂದಿಯಲ್ಲಿ ಒಬ್ಬನಾದ ಪ್ರಭು ಬಾಗಿಲ ಹೊರಗಿನಿಂದಲೇ ಹೇಳಿದ:

“ನನ್ನ ಕಡೆ ನಿನ್ನೆ ಮುಂಜಾನೆ ಬಂದಿದ್ರು. ‘ಉಳದವರಿಗೆ ನಾ ಹೇಳೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ’ ಅಂದಿದ್ರು. ಅದಕ್ಕ ಸುಮ್ಮನಿದ್ದೆ. ಎಲ್ಲಾ ಹೇಳಿದ ಮ್ಯಾಲೂ ಬಾಗಿಲದಾಗ ನಿಂತ ಇದ್ರು. ಯಾಕ್ರಿ ಅಂದೆ. ‘ನನಗ ಬೈ. ಬೈಸ್ಕೊಂಡು ಹೋಗ್ತೇನಿ’ ಅಂದ್ರು. ನನಗ ಬೈಯಾಕ ಬಾಯಿ ಬರಲಿಲ್ಲ. ಚಾ ಮಾಡಿ ಕೊಟ್ಟೆ. ಕುಡೀಲಿಲ್ಲ.”

“ನಾ ಬೈತಿದ್ದೆ,” ಅಂದಳು ಮಂಜುಳಾ.

ಅವಳ ದನಿ ಗಟ್ಟಿಯಾಗಿತ್ತು. “ಈ ಕೆಲಸಾ ಬಿಡಬ್ಯಾಡ ಅಂತ ನನಗ ಹೇಳಿದವರು ಅವರ. ನನ್ನ ಅವ್ವನ ಆಪರೇಷನ್ ಆದಾಗ ಹದಿನೈದು ದಿನ ಹುಲಗೂರಿಗೆ ಬಂದು ಬಾಗಿಲಾ ತಗದವರು ಅವರ. ಅವರೇ ಸಹಿ ಮಾಡ್ಯಾರ. ಎದುರಿಗೆ ಬಂದಿದ್ರ ಬೈತಿದ್ದೆ. ಬೈಯಾಕ ಸೈತ ಅವರು ಉಳೀಲಿಲ್ಲ.”

ಹುಚ್ಚವ್ವ ನೆಲ ನೋಡುತ್ತಿದ್ದಳು. ಹಾಲವ್ವ ಗಂಡನ ಮುಖ ನೋಡಿದಳು.

“ಶುಕ್ರವಾರ ರಾತ್ರಿ ಉಣ್ಣಲಿಲ್ಲ,” ಅಂದಳು ನಿಧಾನವಾಗಿ. “ಹೊಟ್ಟಿ ಸರಿ ಇಲ್ಲ ಅಂದ್ರು. ನಾ ಸ್ವಾಡಾ ಕುಡಸಿದೆ.” ಆಮೇಲೆ ಬಲಕ್ಕೆ ಸರಿದು, ತನ್ನ ಪಕ್ಕದ ಚಾಪೆಯನ್ನು ಕೈಯಿಂದ ಸವರಿದಳು. “ಕುಂದರವಾ. ನಿಂತು ನಿಂತು ಸಾಕಾಗಿರ್ತೈತಿ.”

* * *

ಕುಣಿ ತೋಡಿದ್ದು ಊರ ಹೊರಗೆ, ಅವರದೇ ಹೊಲದ ಬದುವಿನಲ್ಲಿ. ಅವನನ್ನು ಕೂರಿಸಿ ಹೊತ್ತ ಹೂವಿನ ವಿಮಾನ ಬರುವ ಮೊದಲೇ ಸಂಘದವರು ಅಲ್ಲಿನ ಹುಣಸೆಯ ನೆರಳಿಗೆ ಬಂದು ನಿಂತಿದ್ದರು. ಮೂರಾಗಲು ಹತ್ತು ನಿಮಿಷವಿತ್ತು.

“ಹೋದಾವನ ಸಹಿ ಮ್ಯಾಲೆ ಸಂಘ ಮುಚ್ಚೂದು ಬ್ಯಾಡ,” ಅಂದ ಹಸನಸಾಬ. “ಇದ್ದವರನ್ನ ಕೇಳೂಣು.”

“ಹಂಗಂದ್ರ ಹೆಂಗ?” ಪಟ್ಟಿಯಲ್ಲಿದ್ದ ಹನ್ನೊಂದರಲ್ಲಿ ಒಬ್ಬನಾದ ಫಕ್ಕೀರಪ್ಪ ಮುಂದೆ ಬಂದ. “ಹಸನಸಾಬ್ರ, ನಿಮ್ಮ ಲೈಬ್ರರಿಗೆ ಯಾರೂ ಬೀಗಾ ಹಾಕೂದಿಲ್ಲ. ನನ್ನದಕ್ಕ ಹಾಕ್ತಾರ. ಸಹಿ ಐತಿ, ಕಳಸ್ರಿ. ಸತ್ತ ಮನಶಾ ತಿಳದ ಮಾಡ್ಯಾನ.”

“ಹಂಗಾದ್ರ ಪಟ್ಟಿಯೊಳಗಿದ್ದ ಹನ್ನೊಂದು ಮಂದಿನೇ ಹೇಳ್ರಿ,” ಅಂದ ಹಸನಸಾಬ. “ಕಳಕೊಳ್ಳಾವರು ನೀವು.”

ಒಬ್ಬೊಬ್ಬರನ್ನೇ ಕೇಳಿದರು. ಕೆಲವರು ನೆಲ ನೋಡುತ್ತ ಹೇಳಿದರು, ಕೆಲವರು ಆ ಏಳು ಮಂದಿಯನ್ನು ನೋಡುತ್ತ. ಕಳಿಸಿ ಎಂದವರು ಐದು. ಬೇಡ ಎಂದವರು ಐದು. ಉಳಿದವನು ಶಿವಾನಂದ.

ಊರ ಕಡೆಯಿಂದ ಭಜನೆಯ ತಾಳ ಹತ್ತಿರವಾಗುತ್ತಿತ್ತು. ಶಿವಾನಂದನ ಹಣೆಯಿಂದ ಬೆವರು ಇಳಿದು ಮೀಸೆಯಲ್ಲಿ ನಿಂತಿತು. ಇಪ್ಪತ್ತಾರು ವರ್ಷ ತಾನು ಬಾಗಿಲು ತೆಗೆದ ಕೋಣೆ, ಅದರ ಕಿಟಕಿಯ ಹತ್ತಿರ ದಿನಾ ಬಂದು ಕೂರುವ ಇಬ್ಬರು ಮುದುಕರು, ಎಲ್ಲ ಕಣ್ಣ ಮುಂದೆ ಬಂತು. ಫೋನು ತೆಗೆದು ಒಕ್ಕೂಟಕ್ಕೆ ತಾನೇ ಕರೆ ಹಚ್ಚಿದ.

“ಸಾಹೇಬ್ರ, ಬಂದ್ರ ಮೂವತ್ತೆರಡೂ ಮಂದಿ ಬರ್ತೇವಿ. ಏಳು ಮಂದಿನ ಬಿಟ್ಟು ಬರೂದಿಲ್ಲ.” ಅತ್ತ ಕಡೆಯ ದನಿ ಸುತ್ತ ನಿಂತವರಿಗೂ ಕೇಳುವಷ್ಟು ಏರಿತು. ಅವನು ಪೂರ್ತಿ ಕೇಳಿಸಿಕೊಂಡ. “ಆತ್ರಿ. ನಮ್ಮ ದಾರಿ ನಾವು ನೋಡ್ಕೋತೇವಿ.”

ಕಾಗದವನ್ನು ಹಸನಸಾಬ ಕೈ ಚಾಚಿ ಇಸಿದುಕೊಂಡು, ಮಡಿಸಿ ತನ್ನ ಕಿಸೆಯಲ್ಲಿಟ್ಟುಕೊಂಡ.

“ನನ್ನ ಹೆಂಡ್ರು ಮಕ್ಕಳಿಗೆ ನೀವ ಹೇಳ್ರಿ,” ಅಂದ ಫಕ್ಕೀರಪ್ಪ. ವಿಮಾನ ಬದುವಿಗೆ ಬರುತ್ತಿದ್ದಂತೆ ಅವನು ಎದುರು ದಿಕ್ಕಿಗೆ, ರಸ್ತೆಯ ಕಡೆಗೆ ನಡೆದ. ಮಣ್ಣು ಕೊಡಲು ನಿಲ್ಲಲಿಲ್ಲ. ಅವನ ಹಿಂದೆ ಇನ್ನಿಬ್ಬರು ಹೋದರು. ಶಿವಾನಂದ ನಾಲ್ಕು ಹೆಜ್ಜೆ ಅವರ ಹಿಂದೆ ಹೋಗಿ, ಮರಳಿ ಬಂದ.

ಅಯ್ಯನವರು ಮಂತ್ರ ಹೇಳಿದರು. ಚನ್ನವೀರಪ್ಪನನ್ನು ಕುಣಿಯೊಳಗೆ ಕೂರಿಸಿ ಬಿಲ್ವಪತ್ರಿ, ವಿಭೂತಿ ಹಾಕಿದರು. ಆ ಐದು ಮಂದಿ ಸಲಿಕೆ ಹಿಡಿದು ಮಣ್ಣು ಎಳೆದರು. ಮಂಜುಳಾ ಎಲ್ಲರಂತೆ ಒಂದು ಹಿಡಿ ಹಾಕಿದಳು. ಅಳಲಿಲ್ಲ.

ಮನೆಗೆ ಹಿಂದಿರುಗಿ, ಕೈಕಾಲು ತೊಳೆದು, ಒಳಗಿನ ದೀಪ ನೋಡಿ ಹೋಗುವುದು ಪದ್ಧತಿ. ಅಂಗಳದಲ್ಲಿ ದೊಡ್ಡ ಹಂಡೆಯ ತುಂಬ ನೀರಿಟ್ಟಿದ್ದರು. ಶಿವಾನಂದ ಧೋತರವನ್ನು ಮೊಳಕಾಲಿಗೆ ಎತ್ತಿ ಕಟ್ಟಿ, ಚರಿಗೆ ಹಿಡಿದು ಹಂಡೆಯ ಬದಿಗೆ ನಿಂತ. ಬಂದವರಿಗೆಲ್ಲ ನೀರು ಹಾಕಿದ. ಪ್ರಭುವಿಗೆ ಹಾಕಿದ, ಹಸನಸಾಬನಿಗೆ ಹಾಕಿದ. ಸಾಲು ಕರಗಿ ಮಂಜುಳಾಳ ಸರದಿ ಬಂತು.

ಅವನು ಚರಿಗೆ ಬಗ್ಗಿಸಿದ. ಅವಳು ಕೈ ಚಾಚಲಿಲ್ಲ. ಇಬ್ಬರ ನಡುವೆ ನೀರು ನೆಲಕ್ಕೆ ಸುರಿಯಿತು. ಚರಿಗೆ ಬರಿದಾಯಿತು. ಅವನು ತಲೆಯೆತ್ತದೆ ಮತ್ತೊಮ್ಮೆ ತುಂಬಿಕೊಂಡು, ಬಾಗಿ, ಬಗ್ಗಿಸಿ ಹಿಡಿದ. ಅದೂ ನೆಲಕ್ಕೆ ಹೋಯಿತು. ಮೂರನೆಯ ಚರಿಗೆ ಅರ್ಧವಾದಾಗ ಮಂಜುಳಾ ಸೀರೆಯ ನೆರಿಗೆಯನ್ನು ತುಸು ಮೇಲಕ್ಕೆ ಹಿಡಿದು, ಮಣ್ಣು ಮೆತ್ತಿದ ಒಂದು ಕಾಲನ್ನು ನೀರಿನ ಕೆಳಗೆ ಇಟ್ಟಳು.