ಉಪ್ಪು ನೋಡುವ ಅಂಗೈ

ಬಡಿಯುತ್ತಿದ್ದ ರೊಟ್ಟಿಯ ಅಂಚು ಒಡೆಯಿತು, ಹಿಟ್ಟಿನ ಕೈಯಲ್ಲೇ ಮಹಾನಂದಾ ಫೋನು ಎತ್ತಿದಳು, ನಾಳೆನೇ ಆಪರೇಷನ್, ಬೆಳಿಗ್ಗೆ ಬಂದು ಅಡ್ಮಿಟ್ ಆಗ್ಬಿಡಿ ಮೇಡಂ, ಇವತ್ತು ಮಧ್ಯರಾತ್ರಿ ಆದ್ಮೇಲೆ ಏನೂ ತಿನ್ಬೇಡಿ, ಆಸ್ಪತ್ರೆಯ ಹುಡುಗಿ ಎಷ್ಟು ಸಲೀಸಾಗಿ ಹೇಳಿಬಿಟ್ಟಳು — ಹಂಚಿನ ಮೇಲಿನದು ಕರಕಾಗುತ್ತಿದೆ, ಮಗಳ ಡಬ್ಬಿ ಕಟ್ಟಬೇಕು, ಪೀಣ್ಯದ ಈ ಗಲ್ಲಿಯಲ್ಲಿ ಸ್ಕೂಲ್ ವ್ಯಾನು ಯಾರಿಗೂ ಕಾಯುವುದಿಲ್ಲ, ಕರಕು ವಾಸನೆ, ಸುಟ್ಟ ಜಾಗ ಅಂದಿದ್ದರಲ್ಲ ಡಾಕ್ಟರು, ಹೋದ ಸಲ ಕರೆಂಟು, ಅದೇ ರೇಡಿಯೇಷನ್, ಕೊಟ್ಟ ಜಾಗಕ್ಕೆ ಮತ್ತೆ ಕೊಡೋಕಾಗಲ್ಲಮ್ಮ, ನಾಲಿಗೆ ಬುಡದಲ್ಲಿ ಗಡ್ಡೆ ಮತ್ತೆ ಬಂದಿದೆ, ದವಡೆ ಸೀಳೋದು ಬೇಡ, ರೋಬೋಟ್ ತೋಳು ಬಾಯಿಂದಲೇ ಒಳಗೆ ಹೋಗುತ್ತೆ, ಅದನ್ನ ಆಡಿಸೋನು ನಾನೇ, ಆದ್ರೆ ಸುಟ್ಟ ಮಾಂಸ ಮಾಯೋದು ನಿಧಾನ, ನುಂಗೋದು, ಮಾತು, ಮುಂಚಿನಂಗೆ ಆಗುತ್ತೆ ಅಂತ ಈಗಲೇ ಹೇಳಲಾರೆ — ಕರೆಂಟ್ ಹೋದ್ರೆ ಆ ರೋಬೋಟ್ ಏನ್ ಮಾಡುತ್ತೆ ಅಕ್ಕಾ, ಪಕ್ಕದ ಮನೆಯ ಶೋಭಾರಾಣಿ ನಗಿಸಲೆಂದೇ ಕೇಳಿದ್ದಳು, ನಗು ಬಂದೂ ಇತ್ತು, ಮಿಷಿನ್ ಕೈ ನಡುಗೂದಿಲ್ಲ ಬಿಡು ಅಂದ ಗಂಡ ಸಿದ್ರಾಮ, ಲೇತ್ ನಡೆಸುವವನು, ಅಂದು ಚಹಾ ಕುಡಿಯದೇ ಬದಿಗಿಟ್ಟಿದ್ದ, ಕೂಸಿಗೆ ಮಾತ್ರ ಹಲ್ಲು ಕೀಳಿಸಾಕ ಹೊಂಟೀನಿ ಅಂತ ಹೇಳಿದ್ದಾಯಿತು, ಹಲ್ಲು, ಎಂಥ ಸುಳ್ಳು — ಹೋದ ಸಲ ಏನೂ ಮುಚ್ಚಿಟ್ಟಿರಲಿಲ್ಲ, ಆ ಕರೆಂಟಿಗೆ ನಾಲಿಗೆಯ ರುಚಿಯೇ ಸತ್ತಿತ್ತು, ಉಪ್ಪೂ ಮರಳೂ ಒಂದೇ, ಉಪ್ಪು ನೋಡ ಬಾ ಅಂದರೆ ಸಾಕು, ಮಗಳು ಮಾದೇವಿ ಓಡಿ ಬಂದು ಅಂಗೈ ಚಾಚುತ್ತಿದ್ದಳು, ಸಾರಿನ ಒಂದು ಹನಿ, ನೆಕ್ಕಿ, ದೊಡ್ಡವರ ಹಾಗೆ ಕಣ್ಣು ಮುಚ್ಚಿ, ಇನ್ನೊಂದೀಟು ಬೇಕಬೇ, ಆ ಪುಟ್ಟ ಅಂಗೈ, ರುಚಿ ತಿರುಗಿ ಬಂದ ದಿನ ಮಹಾನಂದಾ ತಾನೇ ಸೌಟು ನೆಕ್ಕಿ ಇನ್ನ ನಿನ್ನ ನೌಕರಿ ಹೋತು ಅಂದಿದ್ದಳು, ತಾಯಿ ಮಗಳು ಬಿದ್ದು ಬಿದ್ದು ನಕ್ಕಿದ್ದರು, ಅಲ್ಲಿಂದೀಚೆ ಉಪ್ಪು ನೋಡಲು ಕರೆದಿರಲಿಲ್ಲ — ಸಾರು ಕುದಿಯುತ್ತಿದೆ, ಉಪ್ಪು ಹಾಕಿದೆನೋ, ಎರಡು ಸಲ ಹಾಕಿದೆನೋ, ನಾಳೆ ಮಧ್ಯಾಹ್ನದ ಹೊತ್ತಿಗೆ ಬಾಯೊಳಗೆ ಆ ಕಬ್ಬಿಣದ ತೋಳು, ಆಮೇಲೆ ಮಾದೇವಿ ಅಂತ ಕೂಗಲು ಬರದಿದ್ದರೆ, ಮಾದೇವೀ, ಉಪ್ಪು ನೋಡ ಬಾ — ಅಂದೇಬಿಟ್ಟಳು, ಬಾಯಿ ತನ್ನಷ್ಟಕ್ಕೆ ಅಂದುಬಿಟ್ಟಿತು, ಹಿಂದಕ್ಕೆ ಎಳೆದುಕೊಳ್ಳುವ ಹಾಗಿಲ್ಲ, ಒಂದೇ ಜಡೆ ಹೆಣೆದುಕೊಂಡ ಮಗಳು ಬಾಗಿಲಲ್ಲಿ ನಿಂತಳು, ಓಡಿ ಬರಲಿಲ್ಲ, ಸೌಟು ನೋಡಿದಳು, ಅವ್ವನ ಬಾಯಿ ನೋಡಿದಳು, ಮೆಲ್ಲಗೆ ಬಂದು ಅಂಗೈ ಚಾಚಿದಳು, ಹನಿ ಬಿತ್ತು, ಬಿಸಿ ಇದೆ, ಊದಿಕೋ, ಅವಳು ಊದಲಿಲ್ಲ, ನೆಕ್ಕಲಿಲ್ಲ, ಅಂಗೈ ಹಾಗೇ, ಹನಿ ಹಾಗೇ, ಅಂಗೈ — ಅವ್ವಾ, ಅದು ಮತ್ತ ಬಂತೇನು?