ಏಳನೆಯ ಹಲಗೆ

ಕಾರ್ತಿಕ ಹುಣ್ಣಿಮೆಯ ಮರುದಿನ, ಗುರುವಾರ, ಬೆಳಿಗ್ಗೆ ಒಂಬತ್ತರ ಎಳೆಬಿಸಿಲು, ಬೇಲಾಪುರದ ಖಾಡಿಯ, ಸಮುದ್ರದ ಹಿನ್ನೀರಿನ, ಕೆಸರು ಇನ್ನೂ ಮಿನುಗುತ್ತಿದೆ, ಆ ಬಿಸಿಲಿನಲ್ಲೇ ಕಂಡಿತು ಧರ್ಮಪಾಲನಿಗೆ — ಬಿಳಿ ಬಣ್ಣದ ಮೇಲೊಂದು ಕೆಂಪು ಗೆರೆ, ಬೆರಳುದ್ದ, ಏಳನೆಯ ಹಲಗೆಯ ಮೊಳೆಯಿಂದ ಕೆಳಗಿಳಿದದ್ದು, ಯಾರೋ ಎಲೆಯಡಿಕೆ ಉಗಿದು ಹೋದ ಹಾಗೆ, ಮೊನ್ನೆ ಮೇ ತಿಂಗಳಲ್ಲಿ ಕೆರೆದು ಬಣ್ಣ ಬಳಿದಿದ್ದನಲ್ಲ, ಮತ್ತೆ ಬಂತೇ, ಹೆಬ್ಬೆರಳಿನಿಂದ ಒರೆಸಿದ, ಗೆರೆ ಹೋಯಿತು, ಬೆರಳು ಕೆಂಪಾಯಿತು, ಪಂಚೆಗೆ ಉಜ್ಜಿಕೊಂಡ, ದೋಣಿಯ ಮೇಲಿನಿಂದ ಯಜಮಾನ ವಿಷ್ಣುಮೂರ್ತಿ ರಾಯರು ಬಗ್ಗಿ ನೋಡುತ್ತಿದ್ದಾರೆ, ಎಂಥದು ಧರ್ಮಪಾಲ, ಮೂರನೇ ಸುತ್ತಾ, ಹೆಣ್ಣು ನೋಡಲಿಕ್ಕೆ ಬಂದವರು ಸಹ ಇಷ್ಟು ನೋಡುವುದಿಲ್ಲ ಮಾರಾಯ, ಬೇಗ ಆ ಕೊಡತಿ ಕೆಳಗಿಡು, ಹನ್ನೆರಡೂವರೆಗೆ ನೀರೇರಿ ಭರತ ತುಂಬುತ್ತದೆ — ಇಡಬೇಕು, ಗಂಗೊಳ್ಳಿಯಲ್ಲಿ ಅಪ್ಪನ ಕಾಲದಿಂದ ಬಂದದ್ದು, ದೋಣಿ ದೂರ ಹೋಗುವ ದಿನ ಅದಕ್ಕೆ ಕೈಹಚ್ಚಿದ ಬಡಗಿ ಕೊಡತಿಯಿಂದ ಹಲಗೆ ಹಲಗೆ ಬಡಿದು ಕಿವಿಯಿಟ್ಟು ಸುತ್ತು ಬರಬೇಕು, ಎಲ್ಲ ಸರಿಯಿದ್ದರೆ ಕೊಡತಿಯನ್ನು ನೆಲಕ್ಕಿಡಬೇಕು, ಅವನ ಕೈಯಲ್ಲಿ ಕೊಡತಿ ಇರುವಷ್ಟು ಹೊತ್ತು ಯಾರೂ ಹೊರಡುವಂತಿಲ್ಲ, ಧರ್ಮಪಾಲನ ಕೈಯಲ್ಲಿ ಅದು ಇನ್ನೂ ಇದೆ, ಬೆವರಿಗೆ ಜಾರುತ್ತಿದೆ.

ಮೂವತ್ತೆಂಟು ಅಡಿಯ ಸತ್ಯಭಾಮಾ, ಬಿಳಿಯರ ಕಾಲದ ಸಾಗುವಾನಿ, ಒಳಗೆ ಆರು ಜನ ಕಾಲು ಚಾಚಿ ಮಲಗಬಹುದು, ತೂಗಾಡುವ ಹಿತ್ತಾಳೆಯ ಸ್ಟವ್, ಹಾಯಿ ಎತ್ತಲು ನಾಲ್ಕು ತೋಳು ಬೇಕು, ಮೊಣಕಾಲು ಮಟ್ಟ ನೀರು ಬಂದರೂ ಏಳುವುದಿಲ್ಲ, ಎದೆಮಟ್ಟ ಬರಲಿ ನೋಡುವ ಎನ್ನುವ ಗಂಭೀರೆ, ಮತ್ತು ಅತ್ತ ಹತ್ತು ಮಾರು ಆಚೆ ಆ ಚಿಕ್ಕದು, ಅದೂ ರಾಯರದೇ, ಎರಡು ವರ್ಷದ ಹಿಂದೆ ಥಾಣೆ ಪೇಟೆಯ ಶೆಡ್ಡೊಂದರಲ್ಲಿ ಅಚ್ಚಿಗೆ ಫೈಬರು ಸುರಿದು ಎಬ್ಬಿಸಿದ್ದು, ಇಪ್ಪತ್ನಾಲ್ಕು ಅಡಿ, ಹೆಸರೂ ಇಟ್ಟಿಲ್ಲ, ಇಬ್ಬರು ಮಲಗಿದರೆ ಒಬ್ಬನ ಕಾಲು ಇನ್ನೊಬ್ಬನ ಮೂಗಿಗೆ, ಹಲಗೆಯಿಲ್ಲ, ಸಂದಿಯಿಲ್ಲ, ಮೊಳೆಯಿಲ್ಲ — ಮೊಳೆಯಿಲ್ಲ — ನೀರು ಕಾಲ್ಗಂಟಿಗೆ ಬಂದದ್ದೇ ಕುಣಿಯಲು ಶುರು, ವಾಸು ನಗುತ್ತಾನೆ, ಮಾಮಾ, ತೀ ಬೋಟ್ ಆಹೇ ಕೀ ಸಾಬೂನಿನ ಡಬ್ಬಿ, ಮಲ್ಪೆಗೆ ಹೋಗೋದು ಈ ದೊಡ್ಡ ಸೇಠಾಣಿ ಮೇಲೇ, ಚಲಾ ನಾ, ಭರ್ತಿ ಆಲಿ, ನೀರು ಏರ್ತಾ ಇದೆ, ಮಗಳ ಗಂಡ, ಡೊಂಬಿವಲಿಯಲ್ಲೇ ಹುಟ್ಟಿದವ, ರಾಯರ ಬಣ್ಣದ ಕಾರ್ಖಾನೆಯಲ್ಲಿ ಮೆಕ್ಯಾನಿಕ್, ನಾಲ್ಕು ದಿನದ ಹಾದಿ, ರಾಯರು ಮತ್ತು ಅವನು ಇಬ್ಬರೇ, ಇಷ್ಟು ವರ್ಷ ಸತ್ಯಭಾಮಾ ಹೋದದ್ದೆಲ್ಲಿ, ಕರಂಜಾದ ತನಕ, ಬೆಳಿಗ್ಗೆ ಹೋಗಿ ಸಂಜೆ ಬರುವುದು, ಅಷ್ಟಕ್ಕೆ ಸಾಕಿತ್ತು, ಈಗ ಹೊರಗಿನ ಸಮುದ್ರ — ವಿಮಲಾ ಬೆಳಿಗ್ಗೆ ಠಾಕುರ್ಲಿಯ ಚಾಳಿನ ಬಾಗಿಲಲ್ಲಿ ಆರು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟು, ಅಪ್ಪಯ್ಯ, ನೀವ್ ಸಮಾ ಕಂಡ್ರೆ ಸಾಕ್, ನಂಗ್ ಹೆದ್ರಿಕಿಲ್ಲ, ಅದನ್ನೇ ಅಲ್ಲವೇ ರಾಯರ ಹೆಂಡತಿ ಸತ್ಯಭಾಮಮ್ಮನೂ ಹೇಳಿದ್ದು, ಇದೇ ಜಾಗದಲ್ಲಿ, ಸ್ಟೀಲಿನ ಡಬ್ಬಿಯಿಂದ ಗೋಳಿಬಜೆ ಕೊಡುತ್ತ, ನಿಮ್ಮ ಕೈ ಬಿದ್ದ ಮೇಲೆ ನನಗೆಂಥ ಹೆದರಿಕೆ ಧರ್ಮಪಾಲ.

ಎಪ್ಪತ್ನಾಲ್ಕರ ಮೇ, ಹಳೆ ದೋಣಿಯ ರಿಪೇರಿ, ರೈಲು ಮುಷ್ಕರ, ತಾಮ್ರದ ಮೊಳೆಯ ಪೊಟ್ಟಣ ಯಾವ ಸ್ಟೇಷನ್ನಿನಲ್ಲಿ ಬಿದ್ದಿತ್ತೋ ದೇವರಿಗೇ ಗೊತ್ತು, ಏಳನೆಯ ಹಲಗೆಗೆ ಹದಿನಾಲ್ಕು ಮೊಳೆ ಸಾಲದೆ ನಿಂತಿತ್ತು, ಸೋಮವಾರ ನೀರಿಗಿಳಿಸುವುದೆಂದು ಅಮ್ಮ ಭಟ್ಟರನ್ನು ಕೇಳಿ ಮುಹೂರ್ತ ಇಟ್ಟಾಗಿತ್ತು, ಧರ್ಮಪಾಲ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪ್ಯಾಕಿಂಗ್ ಪೆಟ್ಟಿಗೆ ಹೊಡೆಯುವ ಶೆಡ್ಡಿನಿಂದ ಹದಿನಾಲ್ಕು ಕಬ್ಬಿಣದ ಮೊಳೆ ಎತ್ತಿ ಶೀಲ್ ಫಾಟಾದ ದಾರಿಯಲ್ಲಿ ನಡೆದೇ ಬಂದ, ಕೆಂಪು ಸೀಸದ ಬಣ್ಣದಲ್ಲಿ ಅದ್ದಿ ಹೊಡೆದ, ಮೊಳೆಯ ತಲೆ ಕಾಣದ ಹಾಗೆ ಮೇಲೆ ಲಪ್ಪ ಮೆತ್ತಿದ, ಮಳೆಗಾಲ ಕಳೆಯಲಿ, ಬದಲಾಯಿಸಿದರಾಯಿತು, ಉಪ್ಪುನೀರಿನಲ್ಲಿ ತಾಮ್ರದ ಪಕ್ಕ ಕಬ್ಬಿಣ ಕೂತರೆ ತಾಮ್ರ ಕಬ್ಬಿಣವನ್ನು ತಿನ್ನುತ್ತದೆ, ಗಂಗೊಳ್ಳಿಯ ಚಿಕ್ಕ ಮಕ್ಕಳಿಗೂ ಗೊತ್ತು, ಅವನಿಗೆ ಗೊತ್ತಿರಲಿಲ್ಲವೇ, ಮಳೆಗಾಲ ಹನ್ನೊಂದು ಬಾರಿ ಹೋಗಿ ಬಂತು, ಅಮ್ಮನೂ ಹೋದರು, ರಾಯರು ದೋಣಿಗೆ ಅವರ ಹೆಸರು ಬರೆಸಿದರು, ಆ ಮೇಲೆ ಹೇಳುವುದು ಹೇಗೆ, ಅಮ್ಮನವರ ಹೆಸರಿನ ಕೆಳಗೆ ಪೆಟ್ಟಿಗೆ ಮೊಳೆ ಇದೆ ಎಂದು ಯಾವ ಬಾಯಲ್ಲಿ, ವಾಸುವಿಗೆ ಕೆಲಸ ಕೊಟ್ಟದ್ದು ಅವರೇ, ವರ್ಷವೂ ಕೆರೆದ, ವರ್ಷವೂ ಬಳಿದ, ವರ್ಷವೂ ಗೆರೆ ಬಂತು.

ನೀರು ಮೊಣಕಾಲಿಗೆ ಬಂತು, ತಣ್ಣಗಿದೆ, ಕೊಡತಿ ಏಳನೆಯ ಹಲಗೆಯ ಮೇಲೆ ಬಿತ್ತು, ಗಟ್ಟಿ ಮರ ಟಣ್ ಎನ್ನಬೇಕು, ಇದು ಒದ್ದೆ ಗೋಡೆಯ ಹಾಗೆ ದಬ್ ಎಂದಿತು, ರಾಯರೆ, ಸಣ್ಣದ್ರಗೇ ಹೋಯ್ನಿ, ಎಂತಕೆ, ಹಾಂಗೇ, ಹಾಂಗೇ ಅಂದರೆ ಎಂಥ, ನಿನಗೆ ವಯಸ್ಸಾಯಿತು ಮಾರಾಯ, ಸತ್ಯಭಾಮೆಗೆ ಊರು ತೋರಿಸದೆ ನಾನು ಹೇಗೆ ಹೋಗಲಿ, ವಾಸು ಆಗಲೇ ದೋಣಿಗೆ ಆಧಾರ ಕೊಟ್ಟ ಮರಗಳನ್ನು ಸಡಿಲಿಸುತ್ತಿದ್ದಾನೆ, ಮಾಮಾ ಬಾಜೂಲಾ ವ್ಹಾ, ಪಕ್ಕಕ್ಕೆ ಬನ್ನಿ, ಈಗ ಇಡಬೇಕು ಅಥವಾ ಈಗ ಹೇಳಬೇಕು, ಬಾಯಿ ಏಳುವುದಿಲ್ಲ, ಕೈ ಎದ್ದಿತು, ಸೊಂಟದ ಉಳಿಯನ್ನು ಮೊಳೆಯ ತಲೆಗಿಟ್ಟು ಒಂದೇ ಪೆಟ್ಟು, ಉಳಿ ಹಸಿ ಬೆಲ್ಲಕ್ಕೆ ಇಳಿದಂತೆ ಇಳಿಯಿತು, ಹಿಂದಕ್ಕೆಳೆದರೆ ತೂತಿನಿಂದ ಒಳಗೆ ನಿಂತಿದ್ದ ನೀರು, ಕೆಂಪಗೆ, ಬಿಳಿಯ ಮೇಲೆ ಗೆರೆಯಾಗಿ — ನಾನೇ ಹೊಡ್ದದ್ ರಾಯರೆ, ಕಬ್ಬಿಣದ್ದ್, ಹದಿನಾಲ್ಕ್, ಅಮ್ಮ ಇಪ್ಪ ಕಾಲ್ದಗೆ. ರಾಯರು ಇಳಿದು ಬಂದು ತೂತಿಗೆ ಬೆರಳಿಟ್ಟರು, ತೆಗೆದರು, ನೋಡಿದರು, ಅವಳು ಕೂತಿದ್ದಳಲ್ಲವೋ ಇದರಲ್ಲಿ, ನಾಲ್ಕು ವರ್ಷ, ಅಷ್ಟೇ ಅಂದರು, ಬೈಯಲಿಲ್ಲ, ಬೈದಿದ್ದರೆ ಆಗುತ್ತಿತ್ತು, ವಾಸು ಮಾವನ ಮುಖ ನೋಡದೆ ಅಕ್ಕಿ, ನೀರಿನ ಕ್ಯಾನು, ಹಗ್ಗ ಎಲ್ಲ ಚಿಕ್ಕದಕ್ಕೆ ಸಾಗಿಸಿದ, ಅದನ್ನೂ ಬಡಿದು ನೋಡು, ರಾಯರ ದನಿ, ಬಡಿದ, ಸುತ್ತಲೂ, ಪ್ಲಾಸ್ಟಿಕ್ ಬಕೆಟ್ಟು ಬಡಿದ ಹಾಗೆ ಎಲ್ಲ ಕಡೆ ಒಂದೇ ಸದ್ದು, ಒಳ್ಳೆಯದೆಂದೂ ಹೇಳುವುದಿಲ್ಲ, ಕೆಟ್ಟದೆಂದೂ ಹೇಳುವುದಿಲ್ಲ, ಅರವತ್ತು ವರ್ಷದ ಕಿವಿಗೆ ಅದರ ಭಾಷೆ ತಿಳಿಯುವುದಿಲ್ಲ, ಇಬ್ಬರೂ ಅವನ ಕೈಯನ್ನೇ ನೋಡುತ್ತಿದ್ದಾರೆ, ತಿಳಿಯದೆಯೇ ದಡಕ್ಕೆ ಬಂದು ಕೊಡತಿಯನ್ನು ನೆಲಕ್ಕಿಟ್ಟ, ಬಿಳಿ ಹಾಯಿ ಒಬ್ಬನೇ ಎಳೆದರೂ ಎದ್ದಿತು, ತಿರುವಿನಲ್ಲಿ ಸಣ್ಣದಾಯಿತು, ಸಂಜೆ ವಿಮಲಾ ಕೇಳುತ್ತಾಳೆ ಸಮಾ ಕಂಡ್ರಿಯಾ ಅಪ್ಪಯ್ಯ, ಕಂಡೆ, ಏನು ಕಂಡೆ, ಸತ್ಯಭಾಮೆಯ ಹೊಟ್ಟೆಗೆ ನೀರು ಏರುತ್ತಿದೆ, ಏಳನೆಯ ಹಲಗೆ ಇನ್ನೂ ಮುಳುಗಿಲ್ಲ, ವಿಷ್ಣುಮೂರ್ತಿ ರಾಯರು ಮತ್ತು ವಾಸು ಹೊರಟದ್ದು, ಗುರುವಾರ, ಹೆಬ್ಬೆರಳು ಉಜ್ಜಿದರೂ ಹೋಗುವುದಿಲ್ಲ, ಗುರುವಾರ, ಬಿಳಿಯ ಮೇಲೆ ಕೆಂಪು ಗೆರೆ, ಇಬ್ಬರೂ ಊರು ಮುಟ್ಟಬೇಕು, ಇಬ್ಬರೂ, ಗುರುವಾರ, ಗೆರೆ —